ಟರ್ಬೊ ಗಾಡಿಯಲ್ಲಿ ಮುಕ್ಕಾಲು ಚೀಲ ಜೋಳ

ಸೀರೆಯ ಸೆರಗನ್ನು ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿದರೆ ಸಾಕು, ಅದು ಇಳಕಲ್ಲಿನ ಯಾವ ಓಣಿಯ ಮಗ್ಗದಿಂದ ಇಳಿದದ್ದು, ಅದರಲ್ಲಿ ಅಸಲಿ ರೇಷ್ಮೆ ಎಷ್ಟು, ನಕಲಿ ಎಷ್ಟು, ನೇಯುವ ದಿನ ನೇಕಾರ ಹೆಂಡತಿಯ ಜೊತೆ ಜಗಳ ಮಾಡಿಕೊಂಡಿದ್ದನೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುವ ಮನುಷ್ಯ ನಾನು. ಇಂಥ ನನಗೆ ನಾಲ್ಕು ಗಾಲಿಯ ಒಂದು ಕಬ್ಬಿಣದ ಪೆಟ್ಟಿಗೆಯ ರೋಗ ಕಂಡುಹಿಡಿಯುವುದು ಯಾವ ದೊಡ್ಡ ಮಾತು? 1987ರ ಒಂದು ಸೋಮವಾರ ಅಂಗಡಿಯ ಗಾದಿಯ ಮೇಲೆ ಕುಳಿತು ಹತ್ತು ಜನರ ಎದುರು ಸಾರಿಯೇ ಬಿಟ್ಟೆ: "ಈ ಗಾಡಿಗೆ ಏನಾಗೇತಿ ಅನ್ನೂದನ್ನ ನಾನ ಕಂಡ್ಹಿಡೀತೇನಿ. ಹಿಡೀಲಿಲ್ಲಂದ್ರ ನನ್ನ ಹೆಸರು ಅಂದಪ್ಪ ಅಲ್ಲ!"

ಅಂಗಡಿಯ ಹಿಂದೆಯೇ ಮನೆ. ನನ್ನ ಹೆಂಡತಿ ಗುರುಲಿಂಗವ್ವ ಒಳಗಿನಿಂದಲೇ ಕೇಳಿದಳು: "ಮುಂದ ಏನ್ ಹೆಸರಿಟ್ಕೋತೀರಿ, ಈಗ ಹೇಳಿಬಿಡ್ರಿ. ರೇಷನ್ ಕಾರ್ಡಿನ್ಯಾಗ ತಿದ್ದಸಬೇಕಾಗ್ತೈತಿ."

ಗಾಡಿ ಎಂದರೆ ಅಂಬಾಸಿಡರ್. ಬಾಗಲಕೋಟೆಯ ಡಾಕ್ಟರೊಬ್ಬರು ನವನಗರದಲ್ಲಿ ಮನೆ ಕಟ್ಟಿಸಲು ಹೊರಟು ಮಾರಿದ್ದು. ಬಿಳಿ ಬಣ್ಣ, ದಪ್ಪ ಸೀಟು, ಕುಳಿತರೆ ಮಠದ ಸ್ವಾಮಿಗಳ ಗತ್ತು. ಪೆಟ್ರೋಲಿನ ಮುಳ್ಳೊಂದು ಕೆಲಸ ಮಾಡುತ್ತಿರಲಿಲ್ಲ. ಆದರೇನು, ಮಗ್ಗದ ಸಪೂರ ಬಿದಿರುಕಡ್ಡಿಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೆ. ಟ್ಯಾಂಕಿನ ಬಾಯಿ ತೆಗೆದು, ಕಡ್ಡಿ ಇಳಿಬಿಟ್ಟು, ಎಲ್ಲಿಯತನಕ ಒದ್ದೆಯಾಗಿದೆ ನೋಡಿದರೆ ಲೆಕ್ಕ ಮುಗಿಯಿತು.

ಈ ಗಾಡಿಗೆ ಒಂದು ಕಿರೀಟವನ್ನೂ ಇಟ್ಟಿದ್ದೆ. ಮುಂಬಯಿಗೆ ಸೀರೆ ಮಾರಲು ಹೋದಾಗ ಒಂದು ವಿದೇಶಿ ಕಾರಿನ ಬೆನ್ನ ಮೇಲೆ 'ಟರ್ಬೊ' ಎಂದು ಕೆಂಪಕ್ಷರದಲ್ಲಿ ಬರೆದದ್ದು ಕಂಡಿತ್ತು. ಏನದು ಎಂದು ಡ್ರೈವರನನ್ನು ಕೇಳಿದೆ. ಎಂಜಿನ್ನಿಗೆ ಒತ್ತಿ ಒತ್ತಿ ಗಾಳಿ ಉಣಿಸುವ ಯಂತ್ರವಂತೆ! ಭಾರ ಎಷ್ಟಿದ್ದರೂ, ಏರು ಎಂಥದಿದ್ದರೂ ಉಬ್ಬಸವೇ ಇಲ್ಲವಂತೆ! ಯಂತ್ರ ತರುವುದು ನನ್ನ ಕೈಲಾಗದ ಮಾತು. ಅದೇ ಅಕ್ಷರದ ಚೀಟಿಯೊಂದನ್ನು ಫುಟ್‌ಪಾತಿನಲ್ಲಿ ಕೊಂಡು ತಂದು ಡಿಕ್ಕಿಯ ಮೇಲೆ ಅಂಟಿಸಿದೆ. ಇಳಕಲ್ಲಿನಲ್ಲಿ ಕೇಳುವವರು ಯಾರು? ಒಂದೇ ವಾರದಲ್ಲಿ ನಾನು 'ಟರ್ಬೊ ಅಂದಪ್ಪ' ಆದೆ.

ರೋಗ ಶುರುವಾದದ್ದು ಅಲ್ಲಿಂದಲೇ. ರೋಗದ ಲಕ್ಷಣ ಕೇಳಿ: ನಾನೊಬ್ಬನೇ ಹೋದರೆ ಗಾಡಿ ಕುದುರೆ. ಹೆಂಡತಿಯನ್ನು ಕೂರಿಸಿಕೊಂಡು, ಅವಳ ಬುಟ್ಟಿ, ಡಬ್ಬಿ, ಗಂಟುಗಳನ್ನು ಹೇರಿಕೊಂಡು ಹೊರಟರೆ ಹತ್ತು ಹನ್ನೆರಡು ಕಿಲೋಮೀಟರು ಸರಿಯಾಗಿ ಓಡಿ, ಹುನಗುಂದದ ಹತ್ತಿರದ ಏರು ಬಂದೊಡನೆ ಗೂರಲು ಹತ್ತಿದ ಮುದುಕನಂತೆ ಕುಕ್ ಕುಕ್ ಎಂದು ನಿಂತೇ ಬಿಡುತ್ತಿತ್ತು! ಆಗ ನಾನು ಹೆಂಡತಿಯನ್ನು ಕೆಳಗಿಳಿಸುತ್ತಿದ್ದೆ. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಕಡ್ಡಿ ಹಾಕಿ ನೋಡುತ್ತಿದ್ದೆ. ಬೇಕಾದಷ್ಟು ಇರುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಏರಿ ಹೋಗುತ್ತಿತ್ತು. ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಏರನ್ನು ನಡೆದು ಹತ್ತಿ ಬರುತ್ತಿದ್ದಳು.

ಮೂರು ಸಲ ಹೀಗೇ ಆಯಿತು. ಮೂರು ಸಲವೂ ಮರುದಿನ ಗಾಡಿಯನ್ನು ಮೆಕ್ಯಾನಿಕ್ ಮುರ್ತುಜಸಾಬನ ಶೆಡ್ಡಿಗೆ ಒಯ್ದೆ. ಮುರ್ತುಜಸಾಬ ಬಹಳ ಅಚ್ಚುಕಟ್ಟಿನ ಮನುಷ್ಯ. ಮೈ ತೊಳೆಯದ ಗಾಡಿಗೆ ಅವನು ಕೈ ಹಚ್ಚುವುದಿಲ್ಲ. ನೀರು ಹೊಡೆದು, ಸೀಮೆಎಣ್ಣೆಯ ಅರಿವೆಯಿಂದ ಮೂಲೆ ಮೂಲೆ ಒರೆಸಿ, ಆಮೇಲೆ ಬಾನೆಟ್ ಎತ್ತುವುದು. ಪ್ಲಗ್ ಬಿಚ್ಚಿದ, ಕಾರ್ಬುರೇಟರ್ ತೊಳೆದ, ಗಾಳಿಯ ಜಾಲರಿ ಜಾಡಿಸಿದ. ಓಡಿಸಿ ನೋಡಿದರೆ ರೋಗವೇ ಇಲ್ಲ! ದವಾಖಾನೆಯ ಬಾಗಿಲು ಕಂಡೊಡನೆ ಜ್ವರ ಬಿಡುವ ಸಾಲೆಯ ಹುಡುಗರಿರುತ್ತಾರಲ್ಲ, ಹಾಗೆ.

"ಸಾವ್ಕಾರ್ರ, ಗಾಡಿ ಚೊಕ್ಕ ಐತ್ರಿ. ನೀವು ಏನರ ಬ್ಯಾರೆ ಮಾಡ್ತಿರಬೇಕ್ರಿ," ಎಂದ ಮುರ್ತುಜಸಾಬ.

"ನಾ ಏನ್ ಮಾಡ್ಲಿ? ಭಾರ ಬಿದ್ರ ನಿಲ್ಲತೈತಿ."

"ಯಾವ ಭಾರ್ರಿ?"

ನಾನು ಸುತ್ತಮುತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದೆ: "ಮನ್ಯಾಗಿನ ಭಾರ."

ಮುರ್ತುಜಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಮುಗಿಲು ನೋಡಿದ. "ಅದಕ್ಕ ನಮ್ಮಲ್ಲಿ ಸ್ಪೇರ್ ಪಾರ್ಟ್ ಬರೂದಿಲ್ರಿ."

ಅಷ್ಟಕ್ಕೆ ಬಿಡುವವನೇ ನಾನು? ಅಂದೇ ಒಂದು ವೈಜ್ಞಾನಿಕ ಪರೀಕ್ಷೆಯನ್ನು ಗೊತ್ತು ಮಾಡಿದೆ. ಭಾರವೇ ರೋಗಕ್ಕೆ ಕಾರಣವಾದರೆ, ಹೆಂಡತಿಯ ತೂಕದ ಇನ್ನೊಂದು ವಸ್ತುವನ್ನು ಅದೇ ಸೀಟಿನಲ್ಲಿ ಕೂರಿಸಿ, ಅದೇ ಏರನ್ನು ಏರಿಸಿ ನೋಡಬೇಕು! ಆದರೆ ಅವಳ ತೂಕ ಎಷ್ಟು? ಕೇಳುವ ಧೈರ್ಯ ಯಾರಿಗಿದೆ? ವ್ಯಾಪಾರಿಯ ಕಣ್ಣು ಯಾತಕ್ಕಿದೆ ಮತ್ತೆ! ಅವಳು ರೊಟ್ಟಿ ಬಡಿಯುತ್ತ ಕುಳಿತಾಗ ಬಾಗಿಲಲ್ಲಿ ನಿಂತು ಕಣ್ಣಲ್ಲೇ ತೂಗಿದೆ. ಎಪ್ಪತ್ತೆರಡು ಕಿಲೋ. ಅಂದರೆ ಮುಕ್ಕಾಲು ಚೀಲ ಜೋಳಕ್ಕೆ ಸ್ವಲ್ಪ ಕಡಿಮೆ.

ಪೇಟೆಯ ಅಡತಿ ಅಂಗಡಿಗೆ ಹೋಗಿ ಜೋಳ ತೂಗಿಸಿದೆ. ಹಮಾಲ ಚೀಲವನ್ನು ನನ್ನ ಪಕ್ಕದ ಸೀಟಿನಲ್ಲಿ ಇಟ್ಟ. ಅದು ಒಂದು ತಿರುವಿಗೇ ಮಗ್ಗುಲಿಗೆ ಬಿತ್ತು. ಪರೀಕ್ಷೆ ಎಂದರೆ ಕರಾರುವಾಕ್ಕಾಗಿರಬೇಕು, ಭಾರ ಆಚೀಚೆ ಹೊರಳಬಾರದು. ಅಂಗಡಿಯಲ್ಲಿ ಬಣ್ಣ ಕೂಡದೆ ಉಳಿದ ದಾಳಿಂಬೆ ಬಣ್ಣದ ಸೀರೆಯೊಂದಿತ್ತು. ಅದನ್ನು ಚೀಲಕ್ಕೆ ಎರಡು ಸುತ್ತು ಸುತ್ತಿ, ಸೆರಗನ್ನು ಚೀಲದ ತಲೆಯ ಮೇಲಿಂದ ತಂದು ಬಾಗಿಲ ಹಿಡಿಕೆಗೆ ಕಟ್ಟಿದೆ. ಈಗ ಚೀಲ ಅಲುಗಾಡದೆ, ತಲೆತುಂಬ ಸೆರಗು ಹೊದ್ದು, ಕಿಟಕಿಯ ಬದಿಗೆ ಗಂಭೀರವಾಗಿ ಕುಳಿತಿತು.

ಹುನಗುಂದದ ಏರು ಬಂತು. ಗಾಡಿ ಉಸಿರೆತ್ತದೆ ಏರಿತು! ಇಳಿಸಿ ಮತ್ತೊಮ್ಮೆ ಏರಿಸಿದೆ. ಏರಿತು! ಮೂರನೆಯ ಸಲ ಹಾಡು ಹೇಳುತ್ತ ಏರಿಸಿದೆ. ಆಗಲೂ ಏರಿತು! ಅಲ್ಲಿಗೆ ಭಾರದ ಸಿದ್ಧಾಂತ ಬಿದ್ದು ಹೋಯಿತು. ಉಳಿದದ್ದು ಒಂದೇ ತೀರ್ಮಾನ. ಆ ತೂಕದ ಜೋಳವನ್ನು ಎಳೆಯುವ ಗಾಡಿ ಆ ತೂಕದ ಹೆಂಡತಿಯನ್ನು ಎಳೆಯುವುದಿಲ್ಲ! ಇದನ್ನು ಮನೆಯಲ್ಲಿ ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಹೇಳುವ ತೊಂದರೆ ನನಗೆ ಬರಲಿಲ್ಲ. ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಪಕ್ಕದ ಮನೆಯ ಶಹರಬಾನು ಆಗಷ್ಟೇ ಬಂದು ಕೇಳಿ ಹೋಗಿದ್ದಳಂತೆ: "ಯಾಕಕ್ಕಾ, ಸಿಟ್ಟಾಗೀಯೇನು? ಮುಂಜಾನಿ ಕಾರಿನ್ಯಾಗ ದಾಳಿಂಬ್ರ ಸೀರಿ ಉಟ್ಕೊಂಡು ಹೊಂಟಿದ್ದಿ. ಅಕ್ಕಾ ಅಕ್ಕಾ ಅಂತ ಒದರಿದ್ರೂ ಈ ಕಡೆ ನೋಡಲಿಲ್ಲ!"

"ಮುಂಜಾನಿಂದ ನಾ ಮನ್ಯಾಗ ಇದ್ದೇನಿ," ಎಂದಳು ಗುರುಲಿಂಗವ್ವ. ದನಿ ಬಹಳ ತಣ್ಣಗಿತ್ತು. "ದಾಳಿಂಬ್ರ ಸೀರಿಯಾಕಿ ಯಾರ್ರಿ?"

ನಾನು ಗಾಡಿಯ ಕಡೆ ಕೈ ಮಾಡಿದೆ. "ಅದು... ಹೆಣ್ಣಲ್ಲ."

"ಸೀರಿ ಉಟ್ಟಿತ್ತು, ತಲಿ ತುಂಬ ಸೆರಗು ಹೊತ್ತಿತ್ತು, ಹೆಣ್ಣಲ್ಲ?"

"ಜ್ವಾಳ!"

"ಯಾವ ಊರಾಕಿ?"

"ಅಲ್ಲಽ, ಜ್ವಾಳ! ರೊಟ್ಟಿ ಮಾಡೂ ಜ್ವಾಳ! ಚೀಲ!" ಎಂದು ಕೈ ಹಿಡಿದು ಕರೆದೊಯ್ದು ಗಾಡಿಯ ಬಾಗಿಲು ತೆಗೆದು ತೋರಿಸಿದೆ. ಅವಳು ಸೆರಗು ಸರಿಸಿ ನೋಡಿದಳು. ಒಳಗೆ ಜೋಳವೇ. ಅವಳ ಮುಖ ಸಡಿಲವಾಯಿತು. ನಗಲೂ ಹೊರಟಿದ್ದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಜಾಣ. ಆದರೆ ಮೂರು ಸಲ ಏರು ಏರಿ ಬಂದ ಹುಮ್ಮಸ್ಸು ನೋಡಿ!

"ನಿನ್ನ ತೂಕಕ್ಕ ಬರೋಬ್ಬರಿ ತೂಗಿಸೀನಿ. ಎಪ್ಪತ್ತೆರಡು ಕಿಲೋ!"

ಬೇರೆ ಹೆಣ್ಣು ಇದ್ದಿದ್ದರೇ ಚೆನ್ನಾಗಿತ್ತೇನೋ ಎಂದು ನನಗೆ ಅನ್ನಿಸಿದ್ದು ಆಗ.

"ಎಪ್ಪತ್ತೆರಡಾ?" ಎಂದಳು ಗುರುಲಿಂಗವ್ವ. "ಎಪ್ಪತ್ತೆರಡಾ?! ಅರವತ್ತೆಂಟು! ನಾಕ್ ಕಿಲೋ ಎಲ್ಲಿಂದ ತಂದ್ರಿ? ಗಿರಾಕಿಗೆ ಒಂದ ಗೇಣು ಹೆಚ್ಚಿಗಿ ಕೊಡಾಕ ಕೈ ನಡಗತೈತಿ, ನನಗ ನಾಕ್ ಕಿಲೋ ಪುಕ್ಕಟ ಕೊಟ್ರೆಲ್ಲ!"

ಎಂಟು ದಿನ ಮನೆಯಲ್ಲಿ ಮಾತಿಲ್ಲ. ಅವಳು ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಬಾದಾಮಿಯಿಂದ ಅವಳ ತಮ್ಮ ಬಂಡೆಪ್ಪನ ಪತ್ರ ಬಂತು. ಅವನ ಹೆಂಡತಿಗೆ ಏಳು ತಿಂಗಳು, ಬರುವ ಗುರುವಾರ ಹನ್ನೆರಡರ ಒಳಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಮೊದಲ ಉಡಿ ತುಂಬುವವಳು ಮನೆಯ ಹಿರಿಯ ಮಗಳಾದ ಗುರುಲಿಂಗವ್ವ. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಪತ್ರದ ಕೊನೆಗೆ ಬಂಡೆಪ್ಪ ಬರೆದಿದ್ದ: 'ಅಕ್ಕಾ, ನೀನು ಬರದೆ ಉಡಿ ತುಂಬುವುದಿಲ್ಲ. ಮಾವನವರ ಗಾಡಿಯನ್ನು ನಂಬಬೇಡ. ಮೊದಲನೆಯ ಬಸ್ಸಿಗೇ ಬಾ.'

ಆ ಕೊನೆಯ ಸಾಲನ್ನು ನಾನು ಓದಬಾರದಿತ್ತು!

"ಬಸ್ಸಿಗೆ ಯಾಕ? ನಾ ಒಯ್ತೇನಿ. ಹನ್ನೊಂದಕ್ಕ ನಿನ್ನ ತಮ್ಮನ ಬಾಗಲದಾಗ ಇರತೀ."

ಗುರುಲಿಂಗವ್ವ ಎಂಟು ದಿನದ ಮೌನ ಮುರಿದಳು. "ಕಡೀ ಸಲ ಬರ್ತೇನಿ. ಆದ್ರ ಕೇಳ್ರಿ, ಉಡಿ ತುಂಬೂ ಹೊತ್ತಿಗೆ ನಾ ಅಲ್ಲಿರಲಿಲ್ಲಂದ್ರ, ಜಲ್ಮದಾಗ ಈ ಗಾಡಿ ಏರೂದಿಲ್ಲ. ನೀವೂ, ನಿಮ್ಮ ಚೀಲಾನೂ ಅಡ್ಡಾಡ್ರಿ."

ಗುರುವಾರ ಬೆಳಗ್ಗೆ ನಾನು ಯಾವುದಕ್ಕೂ ಕೊರತೆ ಮಾಡಲಿಲ್ಲ. ಟ್ಯಾಂಕು ತುಂಬ ಪೆಟ್ರೋಲು ಹಾಕಿಸಿದೆ. ಹಸಿರು ಸೀರೆ, ಹೋಳಿಗೆಯ ಬುಟ್ಟಿ, ಕರ್ಚಿಕಾಯಿಯ ಡಬ್ಬಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಎಲ್ಲ ಏರಿದವು. ಹೆಂಡತಿ ಗಾಡಿ ಹತ್ತುವ ದಿನ ನಾನು ಪೂಜೆ ತಪ್ಪಿಸಿದವನಲ್ಲ. ಒಬ್ಬನೇ ಹೋಗುವಾಗ ಯಾರು ಮಾಡುತ್ತಾರೆ? ಮನೆಯ ಲಕ್ಷ್ಮಿ ಕೂತಾಗ ಮಾತ್ರ ಜವಾಬ್ದಾರಿ ಬೇರೆ. ಶಿವಯೋಗ ಮಂದಿರದಿಂದ ತಂದ ವಿಭೂತಿಯ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳು ಎಳೆಯುತ್ತಿದ್ದೆ. ಮೊದಮೊದಲು ಬಾನೆಟ್ಟಿನ ಮೇಲೆ ಎಳೆದಿದ್ದೆ, ಎಂಜಿನ್ನಿನ ಕಾವಿಗೆ ಒಣಗಿ ಉದುರಿ ಹೋಯಿತು. ಆಮೇಲೆ ಯೋಚನೆ ಮಾಡಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಹಚ್ಚತೊಡಗಿದೆ. ಗಾಡಿ ಉಣ್ಣುವುದು ಆ ಬಾಯಿಂದಲ್ಲವೇ? ಕಾಪಾಡುವುದಾದರೆ ದೇವರು ಅಲ್ಲಿಂದ ಕಾಪಾಡಲಿ! ಈ ಸಲ ದಿನ ದೊಡ್ಡದಾದ್ದರಿಂದ ಎರಡು ಪಟ್ಟು ದಪ್ಪಗೆ ಎಳೆದು, ನಡುವೆ ಕುಂಕುಮದ ಬೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಇಟ್ಟೆ.

ಹುನಗುಂದದ ಏರು. ಕುಕ್, ಕುಕ್, ಕುಕ್.

"ಇಳೀಲೇನ್ರಿ?" ಎಂದಳು ಗುರುಲಿಂಗವ್ವ, ನನ್ನ ಮುಖ ನೋಡದೆ.

ಇಳಿದಳು. ಕಡ್ಡಿ ಹಾಕಿ ನೋಡಿದೆ. ಟ್ಯಾಂಕು ತುಂಬ ಪೆಟ್ರೋಲು. ಚಾಲೂ ಮಾಡಿದೆ, ಗಾಡಿ ಏರಿತು. ಅವಳು ನಡೆದು ಬಂದಳು. ಅಮೀನಗಡ ದಾಟಿದ ಮೇಲೆ ಮತ್ತೆ ಅದೇ ಕತೆ. ಕರದಂಟಿನ ಪೊಟ್ಟಣ ಕೊಡಿಸಿ ಸಮಾಧಾನ ಮಾಡೋಣವೆಂದರೆ ಅಂಗಡಿಗಳು ಹಿಂದೆ ಉಳಿದಿದ್ದವು. ಗುಳೇದಗುಡ್ಡ ದಾಟಿ ಬಾದಾಮಿಯ ದಾರಿಯ ದೊಡ್ಡ ಏರಿನಲ್ಲಿ ಮೂರನೆಯ ಸಲ ನಿಂತಾಗ ಗಡಿಯಾರದಲ್ಲಿ ಹನ್ನೊಂದು ಹೊಡೆಯಲು ಹತ್ತು ನಿಮಿಷ. ಅದೇ ಹೊತ್ತಿಗೆ ಹಿಂದಿನಿಂದ ಬಾದಾಮಿಯ ಬಸ್ಸು ಬಂತು. ಕಿಟಕಿಯಿಂದ ಒಬ್ಬ ತಲೆ ಹೊರಗೆ ಹಾಕಿ, "ಯಪ್ಪಾ, ಟರ್ಬೊ ನೋಡ್ರೋ!" ಎಂದು ಕೂಗಿದ. ಇಡೀ ಬಸ್ಸು ನಕ್ಕು, ಹೊಗೆ ಬಿಟ್ಟು, ಏರಿ ಹೋಯಿತು.

"ಇಳಿ," ಎಂದೆ ನಾನು.

"ಇಳಿಯೂದಿಲ್ಲ."

"ಹನ್ನೆರಡರೊಳಗ ಹೋಗಬೇಕಲ್ಲ! ಇಳಿದ್ರ ಗಾಡಿ ಚಾಲೂ ಆಗತೈತಿ."

"ಇಳಿದಿದ್ದಕ್ಕ ಆಗತೈತೋ, ಮತ್ಯಾತಕ್ಕರ ಆಗತೈತೋ, ಇವತ್ತ ಗೊತ್ತಾಗಲಿ. ನಾ ಇಲ್ಲೇ ಕುಂದರತೇನಿ. ನಾ ಇಳಿದಾಗ ನೀವು ಏನೇನು ಮಾಡ್ತಿದ್ರಿ, ಅಷ್ಟನ್ನೂ ಮಾಡ್ರಿ."

ಏರಿನ ನಡುವೆ ನಿಂತು ಹೆಂಡತಿಯ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಹಿಂದೆ ಹೋಗಿ ಮುಚ್ಚಳ ತಿರುವಿದೆ. ಯಾವಾಗಲೂ ಬರುವಂತೆ 'ಸುಂಯ್ಯ್' ಎಂದು ಉದ್ದನೆಯ ಸದ್ದು ಬಂತು. ಕಡ್ಡಿ ಹಾಕಿ ನೋಡಿದೆ, ಮುಚ್ಚಿದೆ, ಬಂದು ಕುಳಿತೆ. ಕೀಲಿ ತಿರುವಿದೊಡನೆ, ಅರವತ್ತೆಂಟು ಕಿಲೋ ಒಳಗೇ ಇರುವಾಗ, ಗಾಡಿ ಗುರ್ ಎಂದು ಚಾಲೂ ಆಯಿತು!

"ಬಂದ್ ಮಾಡ್ರಿ," ಎಂದಳು ಗುರುಲಿಂಗವ್ವ. ಇಳಿದು ಹಿಂದೆ ಬಂದಳು. "ಆ ಸುಂಯ್ ಅಂತಲ್ಲ, ಏನದು?"

"ಅದು ಯಾವಾಗ್ಲೂ ಬರತೈತಿ. ಟರ್ಬೊ ಅಂದ್ರ ಹಂಗ."

"ಟರ್ಬೊ ಬಾಯಾಗ ಮಣ್ಣು ಹಾಕ್ರಿ. ಅದು ಗಾಳಿ ಒಳಗ ಹೋಗೂ ಸಪ್ಪಳ. ನೀವು ಎಂದರ ಎಣ್ಣಿ ಡಬ್ಬಿ ಒಡದೀರೇನು? ಹೊಸಾ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ನಾಕ್ ಹನಿ ಬಂದು ನಿಂತುಬಿಡತೈತಿ. ಗಾಳಿ ಹೋಗಾಕ ಮ್ಯಾಲೆ ಇನ್ನೊಂದು ತೂತು ಹೊಡೀಬೇಕು. ಆಗ ಗಳಗಳ ಸುರೀತೈತಿ. ಇದಕ್ಕ ಗಾಳಿ ತೂತು ಎಲ್ಲೈತಿ?"

"ಇದು ಮೋಟಾರ್ ಗಾಡಿ, ಎಣ್ಣಿ ಡಬ್ಬಿ ಅಲ್ಲ!" ಎಂದು ಗದರಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮುಚ್ಚಳದ ನಟ್ಟನಡುವೆ ಸಾಸಿವೆಕಾಳಿನಷ್ಟು ತೂತೊಂದಿದ್ದದ್ದು ನೆನಪಾಯಿತು. ಮೊದಲ ಸಲ ವಿಭೂತಿ ಹಚ್ಚುವಾಗ ಅದನ್ನು ನಾನು ನೋಡಿದ್ದೆ. ಕುಂಕುಮದ ಬೊಟ್ಟಿಗೆ ಕಂಪನಿಯವರೇ ಗುರುತು ಮಾಡಿಟ್ಟಿದ್ದಾರೆ, ಎಂಥ ಭಕ್ತರು ಎಂದು ಮೆಚ್ಚಿಕೊಂಡಿದ್ದೆ!

ಗುರುಲಿಂಗವ್ವ ತುರುಬಿನಿಂದ ಒಂದು ಪಿನ್ನು ತೆಗೆದಳು. ಕುಂಕುಮ ಉದುರಿತು. ಅದರ ಕೆಳಗೆ ಸಿಮೆಂಟಿನಂತೆ ಗಟ್ಟಿಯಾದ ವಿಭೂತಿ. ಕೊರೆದು, ಊದಿ, ಮತ್ತೆ ಕೊರೆದಳು. ಮುಚ್ಚಳವನ್ನು ಕಣ್ಣಿಗೆ ಹಿಡಿದು ನೋಡಿದಳು. ತೂತಿನಿಂದ ಬಾದಾಮಿಯ ಕೆಂಪು ಗುಡ್ಡ ಕಂಡಿತು.

ಎಲ್ಲವೂ ಒಂದೊಂದಾಗಿ ನನ್ನ ತಲೆಗೆ ಇಳಿಯತೊಡಗಿತು. ಹೆಂಡತಿ ಕೂತ ದಿನ ಪೂಜೆ. ಪೂಜೆಯ ದಿನ ತೂತು ಬಂದ್. ಗಾಳಿ ಇಲ್ಲದೆ ಟ್ಯಾಂಕು ಪೆಟ್ರೋಲು ಬಿಡುತ್ತಿರಲಿಲ್ಲ. ಸಪಾಟು ದಾರಿಯಲ್ಲಿ ಹೇಗೋ ಸಾಗಿ, ಏರಿನಲ್ಲಿ ಹೆಚ್ಚು ಬೇಕಾದಾಗ ಎಂಜಿನ್ನು ಉಪವಾಸ ಬೀಳುತ್ತಿತ್ತು. ಕಡ್ಡಿ ಹಾಕಲು ಮುಚ್ಚಳ ತೆಗೆದೊಡನೆ ಗಾಳಿ ನುಗ್ಗಿ ಮತ್ತೆ ಜೀವ. ಮರುದಿನ ಮುರ್ತುಜಸಾಬ ಎಲ್ಲವನ್ನೂ ತಿಕ್ಕಿ ತೊಳೆಯುತ್ತಿದ್ದ. ಜೋಳದ ಚೀಲಕ್ಕೆ ಯಾರು ಪೂಜೆ ಮಾಡುತ್ತಾರೆ? ಅದಕ್ಕೇ ಅದು ಮೂರು ಸಲ ಸುಖವಾಗಿ ಏರಿತು!

"ವಿಭೂತಿ ಹಣಿಗೆ ಹಚ್ಕೋತಾರ್ರಿ," ಎಂದಳು ಗುರುಲಿಂಗವ್ವ, ಪಿನ್ನನ್ನು ತುರುಬಿಗೆ ಸಿಗಿಸುತ್ತ. "ಮೂಗಿನ ಹೊಳ್ಳಿಗೆ ಮೆತ್ಕೊಳ್ಳೂದಿಲ್ಲ."

ಆ ಏರನ್ನು ನನ್ನ ಅಂಬಾಸಿಡರ್ ಏರಿದ ಚೆಂದವನ್ನು ಏನು ಹೇಳಲಿ! ಹೋಳಿಗೆ, ಕರ್ಚಿಕಾಯಿ, ಗುರುಲಿಂಗವ್ವ, ನನ್ನ ಅವಮಾನ, ಇಷ್ಟೂ ಭಾರ ಹೊತ್ತು, ಮುಂದೆ ಹೋದ ಬಸ್ಸನ್ನು ದಾಟಿ, ಹನ್ನೊಂದೂವರೆಗೆ ಬಂಡೆಪ್ಪನ ಬಾಗಿಲಲ್ಲಿ ನಿಂತಿತು. ಮೊದಲ ಉಡಿ ಗುರುಲಿಂಗವ್ವನ ಕೈಯಿಂದಲೇ ಆಯಿತು. ಅವಳೂ ಬಸುರಿಯೂ ಒಬ್ಬರ ಕೈ ಒಬ್ಬರು ಹಿಡಿದು ಕಣ್ಣೊರೆಸಿಕೊಂಡರು. ನಾನು ಆಚೆ ಮುಖ ಮಾಡಿ ಕಂಬದ ಕೆತ್ತನೆ ನೋಡುತ್ತ ನಿಂತೆ.

ಊಟಕ್ಕೆ ಕೂತಾಗ ಬಂಡೆಪ್ಪ ಕೆಣಕಿದ: "ಮಾವಾರ, ಗಾಡಿಗೆ ಏನಾಗಿತ್ತಂತ್ರಿ?"

ನಾನು ಹೋಳಿಗೆಯಲ್ಲಿ ಮುಖ ಹುದುಗಿಸಿದೆ. ಗುರುಲಿಂಗವ್ವ ತುಪ್ಪ ಬಡಿಸುತ್ತ, "ಉಸುರು ಕಟ್ಟಿತ್ತೋ ತಮ್ಮಾ," ಎಂದಳು. "ಇವರ ಬಾಜೂಕ ಕುಂತ್ರ ಯಾರಿಗೆ ಕಟ್ಟೂದಿಲ್ಲ?"

ಆದರೂ ವಿಭೂತಿಯ ಮಾತನ್ನು ಅವಳು ಎತ್ತಲಿಲ್ಲ. ಇಪ್ಪತ್ತು ವರ್ಷದ ಸಂಸಾರ ಎಂದರೆ ಇದೇ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಸ್ವಲ್ಪ ಅವಸರದಲ್ಲಿ ಮುಗಿದೆ ಎಂದು ಸಂಜೆ ಗೊತ್ತಾಯಿತು.

ಹೊರಡುವಾಗ ಬಂಡೆಪ್ಪ ಅಕ್ಕನಿಗೆ ಹೊಸ ಜೋಳದ ಒಂದು ಚೀಲ ಕೊಟ್ಟ. ಗುಳೇದಗುಡ್ಡದವರೆಗೆ ತನಗೂ ಕೆಲಸವಿದೆ, ಟರ್ಬೊ ಗಾಡಿಯನ್ನು ಅಲ್ಲಿಯತನಕ ತಾನೇ ಓಡಿಸುತ್ತೇನೆ ಎಂದು ಚಕ್ರ ಹಿಡಿದ. ಬೆಳಗ್ಗೆ ಇಳಿಜಾರಾಗಿದ್ದ ದಾರಿ ಈಗ ಏರಾಗಿ ಎದುರು ನಿಂತಿತು. ಏರಿನ ಬುಡಕ್ಕೆ ಬಂದೊಡನೆ ಗುರುಲಿಂಗವ್ವ, "ತಮ್ಮಾ, ನಿಲ್ಲಸು. ನಿಮ್ಮ ಮಾವಾರು ಇಳೀತಾರ," ಎಂದಳು.

"ನಾನ್ಯಾಕ?" ಎಂದೆ.

"ಪರೀಕ್ಷಾ ಅರ್ಧಕ್ಕ ಬಿಡಬಾರದ್ರಿ. ಚೀಲದ್ದಾತು, ನಂದಾತು. ನೀವು ಇಳಿದ್ರ ಹೆಂಗ ಏರತೈತಿ ಅನ್ನೂದೊಂದು ಉಳದೈತಿ."

ಇಳಿದೆ. ನನ್ನ ಜಾಗಕ್ಕೆ ಕೆಳಗಿದ್ದ ಜೋಳದ ಚೀಲವನ್ನು ಎತ್ತಿ ಕೂರಿಸಿದರು. ಗಾಡಿ ಸರ್ರನೆ ಏರಿ ಹೋಯಿತು. ಹಿಂದೆ 'ಟರ್ಬೊ' ಎಂಬ ಕೆಂಪಕ್ಷರ ಸಣ್ಣದಾಗುತ್ತ ಹೋಯಿತು. ನಾನು ಧೋತರ ಎತ್ತಿ ಹಿಡಿದು, ಮೂರು ಕಡೆ ನಿಂತು ಉಸಿರು ತೆಗೆದುಕೊಂಡು, ಗೂರುತ್ತ ಗೂರುತ್ತ ಮೇಲೆ ಮುಟ್ಟಿದೆ. ಅಕ್ಕ ತಮ್ಮ ಕಲ್ಲಿನ ಮೇಲೆ ಕೂತು ಕರ್ಚಿಕಾಯಿ ತಿನ್ನುತ್ತಿದ್ದರು. ಚೀಲ ಮಾತ್ರ ಕಿಟಕಿಯ ಬದಿಗೆ ಗಂಭೀರವಾಗಿ ಕುಳಿತಿತ್ತು.

"ಏನನಸ್ತು?" ಎಂದೆ, ಏದುಸಿರಿನಲ್ಲಿ.

ಗುರುಲಿಂಗವ್ವ ಎದ್ದು ಹೋಗಿ ಚೀಲದ ಬೆನ್ನು ತಟ್ಟಿದಳು.

"ಗಾಡಿಗೆ ಅಂಥಾ ಫರಕೇನಿಲ್ರಿ. ನನಗ ಮಾತ್ರ ಆರಾಮಾತು. ಇಷ್ಟು ಏರು ಹತ್ತಿ ಬಂತು, ಈ ಚೀಲ ಒಂದ ಸಲಾನೂ 'ಗಾಡಿ ರೋಗ ನಾ ಕಂಡ್ಹಿಡೀತೇನಿ' ಅನ್ನಲಿಲ್ಲ!"